ರಾತ್ರಿ ಪಾಳಿ ನೋಡದೆ ಪುನರ್ವಸತಿ ಕೇಂದ್ರ ಆರಿಸಬೇಡಿ: 14 ತಿಂಗಳ ನಂತರದ ವಿಮರ್ಶೆ

ಪಾರ್ಶ್ವವಾಯು, ತಲೆ ಅಥವಾ ಬೆನ್ನುಹುರಿಗೆ ಬಿದ್ದ ಪೆಟ್ಟಿನಿಂದ ಕೈಕಾಲಿನ ಸ್ವಾಧೀನ ಕಳೆದುಕೊಂಡ ವಯಸ್ಕರು ಉಳಿದುಕೊಂಡು ಚೇತರಿಸಿಕೊಳ್ಳುವ ಕೇಂದ್ರ ಇದು. ಬಲಭಾಗದ ಸ್ವಾಧೀನ ತಪ್ಪಿದವರೊಬ್ಬರ ಆರೈಕೆಯನ್ನು 14 ತಿಂಗಳು ಗಮನಿಸಿ ಇದನ್ನು ಬರೆಯುತ್ತಿದ್ದೇನೆ. ಕೇಂದ್ರದ ಹೆಸರು ಹಾಕಿಲ್ಲ. ಇಲ್ಲಿ ಹೇಳಿರುವುದನ್ನು ಯಾವ ಕೇಂದ್ರದಲ್ಲಾದರೂ ಪರೀಕ್ಷಿಸಿ ನೋಡಬಹುದು.

ಸೇರಿಸುವ ಮೊದಲು ನೋಡಲು ಹೋದವರಿಗೆ ಎಲ್ಲ ಕಡೆ ತೋರಿಸುವುದು ಫಿಸಿಯೋಥೆರಪಿ ಹಾಲ್. ಇಲ್ಲಿನದು ನಿಜಕ್ಕೂ ಚೆನ್ನಾಗಿದೆ, ಥೆರಪಿಸ್ಟ್‌ಗಳು ನುರಿತವರು. ಆದರೆ ಅಲ್ಲಿ ಕಳೆಯುವುದು ದಿನಕ್ಕೆ ಎರಡು ಗಂಟೆ. ಉಳಿದ 22 ಗಂಟೆ ಕಳೆಯುವುದು ಹಾಸಿಗೆ, ಗಾಲಿಕುರ್ಚಿ ಮತ್ತು ಬಚ್ಚಲಿನಲ್ಲಿ. ಥೆರಪಿಯಲ್ಲಿ ಗಳಿಸಿದ್ದು ಉಳಿಯುವುದೂ ಕಳೆದುಹೋಗುವುದೂ ಅಲ್ಲೇ.

ಮೊದಲು ಕೇಳಬೇಕಾದದ್ದು ಮಗ್ಗುಲು ಬದಲಿಸುವ ಚಾರ್ಟ್. ಒಂದೇ ಕಡೆ ಒತ್ತಡ ಬಿದ್ದು ಚರ್ಮ ಹುಣ್ಣಾಗದಂತೆ, ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ರಾತ್ರಿಯೂ. ಮೊದಲ ಮೂರು ತಿಂಗಳು ಇಲ್ಲಿನ ಚಾರ್ಟ್‌ನಲ್ಲಿ ಸರಿಯಾಗಿ 10, 12, 2, 4 ಗಂಟೆ ಎಂದು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಿರುತ್ತಿತ್ತು. ಬೆಳಗ್ಗೆ ಕೂತು ತುಂಬಿಸಿದ ಚಾರ್ಟ್ ಹಾಗಿರುತ್ತದೆ. ನಿಜವಾಗಿ ಎದ್ದು ಮಾಡಿದವರ ಚಾರ್ಟ್‌ನಲ್ಲಿ 12.20, 1.55 ಎಂಬಂಥ ಸಮಯ, ಎಡಕ್ಕೋ ಬಲಕ್ಕೋ ಎಂಬ ಗುರುತು, ಚರ್ಮ ಹೇಗಿತ್ತು ಎಂಬ ಒಂದು ಪದ ಇರುತ್ತವೆ. ಇಲ್ಲಿ ತಪ್ಪು ಹೊರಬಿದ್ದದ್ದು ಕಾಗದದಿಂದಲ್ಲ, ಬಲ ಹಿಮ್ಮಡಿಯ ಮೇಲೆ ಕಂಡ ಒಂದು ಕೆಂಪು ಕಲೆಯಿಂದ.

ಅಂಥ ಕಲೆ ಕಂಡರೆ ಬೆರಳಿನಿಂದ ಕೆಲವು ಕ್ಷಣ ಒತ್ತಿ ಬಿಡಿ. ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಹಾಗೇ ಉಳಿದರೆ ಹುಣ್ಣಿನ ಮೊದಲ ಹಂತ ಆಗಲೇ ಶುರುವಾಗಿದೆ. ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು. ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿಯೇ ತಿಳಿಯಬೇಕು. ಹಿಮ್ಮಡಿಗೆ ಮದ್ದು ಸರಳ: ದಿಂಬನ್ನು ಮೀನಖಂಡದ ಕೆಳಗೆ ಉದ್ದಕ್ಕೆ ಇಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಗಾಳಿಯಲ್ಲಿ ಬಿಡುವುದು. ಇಲ್ಲಿ ದಿಂಬನ್ನು ಹಿಮ್ಮಡಿಗೇ ಕೊಡುತ್ತಿದ್ದರು, ಅದರಿಂದ ಒತ್ತಡ ತಪ್ಪುವುದಿಲ್ಲ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಬೆನ್ನಿಗೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ನಡುವೆ ತೂತಿರುವ ಬಳೆಯಾಕಾರದ ದಿಂಬು ಯಾರಾದರೂ ತಂದರೆ ಬೇಡ ಎನ್ನಿ, ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ.

ಗಾಳಿ ಹಾಸಿಗೆ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ತೂಕಕ್ಕೆ ತಕ್ಕಂತೆ ಪಂಪಿನ ಗುಂಡಿ ತಿರುಗಿಸಿರಬೇಕು, ಇಲ್ಲಿ ಹಿಂದಿನ ರೋಗಿಯ ತೂಕಕ್ಕೇ ಬಿಟ್ಟಿದ್ದರು. ಬಾಲಮೂಳೆಯ ನೇರಕ್ಕೆ, ಗಾಳಿ ಚೀಲಗಳ ಅಡಿ ಅಂಗೈ ಜಾರಿಸಿ ನೋಡಿ. ಮೂಳೆ ಕೈಗೆ ತಾಗಿದಂತಾದರೆ ಗಾಳಿ ಸಾಲದು, ನಡುವೆ ಒಂದು ಅಂಗುಲವಾದರೂ ಗಾಳಿ ಇರಬೇಕು. ಮೇಲೆ ಮೂರ್ನಾಲ್ಕು ಮಡಿಕೆ ಬಟ್ಟೆ, ರಬ್ಬರ್ ಶೀಟು ಹಾಸಿದರೆ ಹಾಸಿಗೆಯ ಉಪಯೋಗವೇ ಹೋಯಿತು. ದೂರು ಕೊಟ್ಟ ವಾರದೊಳಗೆ ರಾತ್ರಿ ಪಾಳಿಗೆ ಇನ್ನೊಬ್ಬ ಅಟೆಂಡರ್ ಬಂದರು, ಹಿಮ್ಮಡಿ ಸಿಪ್ಪೆಯೇಳದೆ ಉಳಿಯಿತು. ಈ ಸ್ಪಂದನೆಗೆ ಪೂರ್ತಿ ಅಂಕ ಕೊಡುತ್ತೇನೆ.

ಎಬ್ಬಿಸಿ ಕೂರಿಸುವ ವಿಷಯದಲ್ಲಿ ಇವರು ಮೊದಲಿಂದಲೂ ಒಳ್ಳೆಯವರು. ಗಾಲಿಕುರ್ಚಿ ಸ್ವಾಧೀನ ಇರುವ ಬದಿಗೆ, ಮಂಚಕ್ಕೆ ಕೊಂಚ ಓರೆಯಾಗಿ ನಿಲ್ಲುತ್ತದೆ. ಎರಡೂ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮೇಲೆತ್ತಿ, ಸೊಂಟಕ್ಕೆ ಬೆಲ್ಟ್ ಕಟ್ಟಿದ ಮೇಲೆಯೇ ಎಬ್ಬಿಸುತ್ತಾರೆ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿಸಿ, ದುರ್ಬಲ ಮೊಣಕಾಲು ಕುಸಿಯದಂತೆ ತಮ್ಮ ಮೊಣಕಾಲನ್ನು ಅಡ್ಡ ಕೊಡುತ್ತಾರೆ. ಕಂಕುಳಿಗೆ ಕೈ ಹಾಕಿ ಎತ್ತುವುದು, ಸ್ವಾಧೀನವಿಲ್ಲದ ಕೈ ಹಿಡಿದು ಎಳೆಯುವುದು ಎಲ್ಲಿ ಕಂಡರೂ ಕೂಡಲೇ ತಡೆಯಿರಿ. ಸ್ನಾಯುಗಳು ಸೋತ ಭುಜದ ಕೀಲು ಒಂದೇ ಎಳೆತಕ್ಕೆ ಜಾರಬಹುದು. ಆ ನೋವು ಶುರುವಾದರೆ ತಿಂಗಳುಗಟ್ಟಲೆ ಥೆರಪಿ ಹಿಂದೆ ಬೀಳುತ್ತದೆ.

ಊಟದ ಹೊತ್ತೇ ನನಗೆ ಈಗಲೂ ಚಿಂತೆ. ನುಂಗುವ ತೊಂದರೆ ಇದ್ದವರಿಗೆ ನೀರೇ ಅಪಾಯ, ಅದು ಗಂಟಲು ಸಿದ್ಧವಾಗುವ ಮೊದಲೇ ಹರಿದುಬಿಡುತ್ತದೆ. ಅದಕ್ಕೇ ಗಟ್ಟಿ ಮಾಡುವ ಪುಡಿ ಬೆರೆಸುವುದು. ಅಳತೆ ಚಮಚ ಬಿಟ್ಟು ಅಂದಾಜಿಗೆ ಹಾಕಿದರೆ ಒಂದು ದಿನ ತೆಳು, ಒಂದು ದಿನ ಮುದ್ದೆ. ನೇರ ಕೂರಿಸಿ ತಿನ್ನಿಸಬೇಕು, ಮುಗಿದ ಮೇಲೂ ಅರ್ಧ ಗಂಟೆ ಕೂರಿಸಿಯೇ ಇರಬೇಕು. ವಾರದ ದಿನಗಳಲ್ಲಿ ಇದೆಲ್ಲ ನಡೆಯುತ್ತದೆ. ಭಾನುವಾರ ಬದಲಿ ಸಿಬ್ಬಂದಿ ಬಂದಾಗ ತುತ್ತಿನ ಮೇಲೆ ತುತ್ತು. ನೆತ್ತಿಗೆ ಹತ್ತಿ ಕೆಮ್ಮಿದರೆ ಗೊತ್ತಾಗುತ್ತದೆ. ಕೆಲವರಿಗೆ ಕೆಮ್ಮೇ ಬರದೆ ಆಹಾರ ಉಸಿರುನಾಳಕ್ಕೆ ಇಳಿಯುತ್ತದೆ: ನುಂಗಿದ ಮೇಲೆ ಧ್ವನಿ ಗೊರಗೊರ ಎನ್ನುವುದು, ಪದೇಪದೇ ಸಣ್ಣ ಜ್ವರ ಬರುವುದು ಅದರ ಸುಳಿವು. ಸೋತ ಕೆನ್ನೆಯೊಳಗೆ ಅನ್ನ ಉಳಿದಿದೆಯೇ ನೋಡಿ, ಪ್ರತಿ ಊಟದ ಬಳಿಕ ಬಾಯಿ ಸ್ವಚ್ಛ ಮಾಡಿಸಬೇಕು. ನುಂಗುವ ಸೂಚನೆಗಳನ್ನು ಮಂಚದ ತಲೆಬದಿಗೆ ಅಂಟಿಸಿ ಎಂದು ನಾಲ್ಕು ಬಾರಿ ಕೇಳಿದ ಮೇಲೆ ಅಂಟಿಸಿದರು.

ಔಷಧಿ ದಾಖಲೆ ಅಚ್ಚುಕಟ್ಟು, ಕೊಟ್ಟ ಮೇಲೆಯೇ ಸಹಿ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುತ್ತದೆ. ಥೆರಪಿಗೆ ಒಯ್ಯುವಾಗ ಮಾತ್ರ ಅದನ್ನು ಮಡಿಲಲ್ಲಿಟ್ಟುಬಿಡುತ್ತಾರೆ. ಮೂತ್ರ ಹಿಂದಕ್ಕೆ ಹರಿದು ಸೋಂಕಾಗುವುದು ಹೀಗೆಯೇ.

ಪ್ರಗತಿಯನ್ನು ಬಾರ್ಥೆಲ್ ಅಂಕದಲ್ಲಿ ಹೇಳುತ್ತಾರೆ: ಹತ್ತು ದೈನಂದಿನ ಕೆಲಸ, ಒಟ್ಟು 100. ಇಲ್ಲಿ 20ರಿಂದ 65ಕ್ಕೆ ಏರಿದೆ, ಸಣ್ಣ ಮಾತಲ್ಲ. ಆದರೂ ಮೊತ್ತವನ್ನಷ್ಟೇ ಕೇಳದೆ ಬಿಡಿ ಬಿಡಿಯಾಗಿ ಕೇಳಿ. ಮಂಚದಿಂದ ಕುರ್ಚಿಗೆ ಬರುವುದಕ್ಕೆ 15ರಲ್ಲಿ ಎಷ್ಟು, ಶೌಚಕ್ಕೆ 10ರಲ್ಲಿ ಎಷ್ಟು ಎಂಬುದರ ಮೇಲೆ ಮನೆಯಲ್ಲಿ ಎಷ್ಟು ಜನ ಬೇಕು ಎನ್ನುವುದು ನಿಂತಿದೆ. ಥೆರಪಿಯಲ್ಲಿ ತಾನೇ ಅಂಗಿ ಹಾಕಿಕೊಳ್ಳುವವರಿಗೆ ವಾರ್ಡಿನಲ್ಲಿ ಅವಸರಕ್ಕೆ ಅಟೆಂಡರ್ ಅಂಗಿ ತೊಡಿಸಿದರೆ ಆ ಅಂಕ ಕಾಗದದಲ್ಲೇ ಉಳಿಯುತ್ತದೆ. ಈ ಕೊರತೆ ಇಲ್ಲಿ ಇನ್ನೂ ಇದೆ.

ಬಿಡುಗಡೆಯ ತಯಾರಿ ತಡವಾಗಿ ಶುರುವಾಗುತ್ತದೆ, ಕೊನೆಯ ವಾರದಲ್ಲಿ. ಕನಿಷ್ಠ ಒಂದು ತಿಂಗಳು ಮೊದಲೇ ಮನೆಯ ಬಾಗಿಲುಗಳ ಅಗಲ ಅಳೆದು ಥೆರಪಿಸ್ಟ್‌ಗೆ ಕೊಡಿ, ಗಾಲಿಕುರ್ಚಿ ಸರಾಗವಾಗಿ ಸಾಗಲು 80 ಸೆಂಟಿಮೀಟರ್ ಬಿಡುವು ಬೇಕು. ಎಬ್ಬಿಸುವುದು, ಕೂರಿಸುವುದನ್ನು ಮನೆಯವರ ಕೈಯಿಂದಲೇ ಮಾಡಿಸಲು ಹೇಳಿ, ಥೆರಪಿಸ್ಟ್ ಪಕ್ಕದಲ್ಲಿ ನಿಂತಿರಲಿ. ಅದರಲ್ಲಿ ಒಂದು ಸಲವಾದರೂ ರಾತ್ರಿ, ನಿದ್ದೆಗಣ್ಣಿನಲ್ಲಿರುವವರನ್ನು ಮಂದ ಬೆಳಕಿನಲ್ಲಿ ಶೌಚಕ್ಕೆ ಕರೆದೊಯ್ಯುವುದಾಗಿರಲಿ.