ಚಿಪ್ ಉದ್ಯಮ ಕುಸಿದಾಗ ಯಾವ ಷೇರು: ಮೈಕ್ರಾನೋ, ಟಿಎಸ್‌ಎಂಸಿಯೋ?

ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಹಳೇ ಮೆಣಸಿನಕಾಯಿ ಚೀಲ ಕರಗದೆ ಹೊಸ ಮಾಲಿಗೆ ದರ ಏರೋದು ಕಷ್ಟ. ಅಮೆರಿಕದ ಮೈಕ್ರಾನ್ ಕಂಪನಿ ಮಾಡುವ ಮೆಮೊರಿ ಚಿಪ್ಪಿನ ವ್ಯವಹಾರವೂ ಹಾಗೇ. 2023ರ ಹಣಕಾಸು ವರ್ಷದಲ್ಲಿ ಅದರ ಆದಾಯ ಸುಮಾರು 3,080 ಕೋಟಿ ಡಾಲರ್‌ನಿಂದ 1,550 ಕೋಟಿಗೆ ಕುಸಿದು, 580 ಕೋಟಿ ಡಾಲರ್ ನಷ್ಟವಾಯಿತು. ಒಂದೇ ತ್ರೈಮಾಸಿಕದಲ್ಲಿ ದಾಸ್ತಾನಿನ ಮೌಲ್ಯವನ್ನು 143 ಕೋಟಿ ಡಾಲರ್ ಇಳಿಸಿ ಬರೆಯಬೇಕಾಯಿತು.

ತೈವಾನ್‌ನ ಟಿಎಸ್‌ಎಂಸಿ ಬೇರೆ ಕಂಪನಿಗಳು ವಿನ್ಯಾಸ ಮಾಡಿದ ಚಿಪ್ಪನ್ನು ಆರ್ಡರ್ ಮೇಲೆ ತಯಾರಿಸುತ್ತದೆ. ಆದಾಯ ಅದಕ್ಕೂ 2023ರಲ್ಲಿ ಇಳಿಯಿತು, ಆದರೆ ತಯಾರಿಕೆಯ ಖರ್ಚು ಕಳೆದು ಉಳಿಯುವ ಲಾಭ (ಗ್ರಾಸ್ ಮಾರ್ಜಿನ್) ಆದಾಯದ ಶೇ 50ರ ಮೇಲೇ ಇತ್ತು. ಅದರ ಅಪಾಯ ಬೇರೆ: ಕಾರ್ಖಾನೆಗಳು ಬಹುಪಾಲು ಚೀನಾ ತನ್ನದೆನ್ನುವ ತೈವಾನ್‌ನಲ್ಲಿವೆ.

ಹುಬ್ಬಳ್ಳಿಯ ಹೂಡಿಕೆದಾರರು ಹೆಚ್ಚಾಗಿ ಎಡವುವುದು ಪಿ/ಇ (ಷೇರಿನ ಬೆಲೆ ಒಂದು ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ) ನೋಡಿ. ಮೆಮೊರಿ ಷೇರಿನ ಪಿ/ಇ ಅಗ್ಗ ಕಾಣುವುದು ಲಾಭ ಶಿಖರದಲ್ಲಿದ್ದಾಗ, ಅಂದರೆ ಬೀಳುವ ಮುಂಚೆ. ತಳದಲ್ಲಿ ಎಷ್ಟೋ ಸಲ ಲಾಭವೇ ಇರುವುದಿಲ್ಲ, ಆಗ ಪಿ/ಇ ಲೆಕ್ಕಕ್ಕೇ ಸಿಗದು. ಅಲ್ಲಿ ಷೇರಿನ ಬೆಲೆಯನ್ನು ಪುಸ್ತಕ ಮೌಲ್ಯಕ್ಕೆ (ಆಸ್ತಿಯಲ್ಲಿ ಸಾಲ ಕಳೆದು ಪ್ರತಿ ಷೇರಿಗೆ ಉಳಿಯುವುದು) ಹೋಲಿಸಿ. ದಾಸ್ತಾನಿನ ದಿನಗಳು (ಕೈಲಿರುವ ಮಾಲು ಖಾಲಿಯಾಗಲು ಬೇಕಾದ ದಿನಗಳು) ಸತತ ಎರಡು ತ್ರೈಮಾಸಿಕ ಇಳಿದ ಮೇಲೆ ಮೂರ್ನಾಲ್ಕು ಕಂತಿನಲ್ಲಿ ಕೊಳ್ಳಿ. ತೀರಾ ತಳಕ್ಕೇ ಹಿಡಿಯುತ್ತೇನೆ ಅನ್ನೋ ಹಟ ಬೇಡ.

ಒಂದನ್ನೇ ಆರಿಸುವುದಾದರೆ ಟಿಎಸ್‌ಎಂಸಿ. ಮೈಕ್ರಾನ್ ಬೇಕೇ ಬೇಕಂದರೆ ಸಣ್ಣ ಪಾಲು ಸಾಕು. ಮೂರು ವರ್ಷದೊಳಗೆ ಬೇಕಾದ ಮನೆ ಕಟ್ಟುವ ದುಡ್ಡಿದ್ದರೆ ಎರಡೂ ಬೇಡ.

ಗುಜರಾತಿನ ಸಾಣಂದದಲ್ಲಿ ಮೈಕ್ರಾನ್ ಘಟಕ ಇದೆ ಅಂತ ಷೇರು ಎನ್‌ಎಸ್‌ಇಯಲ್ಲಿ ಸಿಗೋದಿಲ್ಲ. ನೇರವಾಗಿ ಬೇಕಂದರೆ ಸಾಮಾನ್ಯವಾಗಿ ಡಾಲರ್ ಕಳಿಸಿ ಅಮೆರಿಕದ ಮಾರುಕಟ್ಟೆಯಲ್ಲಿ ಕೊಳ್ಳಬೇಕು. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವುದು ಕಡ್ಡಾಯ.