ಸಣ್ಣ ಅಂಗಡಿಗೆ ‘ಆಲ್ ಇನ್ ಒನ್’ ರಿಜಿಸ್ಟ್ರೇಷನ್ ಪ್ಯಾಕೇಜ್ ಬೇಕಾ? ಬಳಸಿ ನೋಡಿದವರ ಮಾತು

ಮೊದಲೇ ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ಜನರಿಗೆ ಕೆಲಸ ಕೊಟ್ಟಿರುವ ಅಂಗಡಿಯವರು ಆನ್‌ಲೈನ್‌ನಲ್ಲಿ ಮಾರುವ ‘ಕಂಪ್ಲೀಟ್ ರಿಜಿಸ್ಟ್ರೇಷನ್ ಪ್ಯಾಕೇಜ್’ ಕೊಳ್ಳಬೇಕಾಗಿಲ್ಲ. ರಿಜಿಸ್ಟ್ರೇಷನ್ ನೀವೇ ಮಾಡಿಕೊಳ್ಳಬಹುದು. ದುಡ್ಡು ಕೊಡಬೇಕಾದದ್ದು ಆಮೇಲೆ ಪ್ರತಿ ತಿಂಗಳು ಲೆಕ್ಕ ನೋಡಿಕೊಳ್ಳುವವರಿಗೆ.

ನಮ್ಮದು ಬೆಂಗಳೂರಿನ ವಿಜಯನಗರದ ಕಡೆ ಕಾಂಡಿಮೆಂಟ್ಸ್ ಅಂಗಡಿ. ಚಕ್ಕುಲಿ, ಕೋಡುಬಳೆ, ಹಪ್ಪಳ, ಚಟ್ನಿಪುಡಿ ಎಲ್ಲ ಮನೆಗಳಲ್ಲಿ ಮಾಡುವವರಿಂದ ತಂದು ಮಾರುತ್ತೇವೆ. ಎರಡನೇ ಬ್ರಾಂಚ್ ತೆರೆದಾಗ ಕೆಲಸದವರು 11 ಜನ ಆದರು. ಅದೇ ಹೊತ್ತಿಗೆ, 2025ರ ಜುಲೈನಲ್ಲಿ, ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದು ಊರೆಲ್ಲ ಗಲಾಟೆ ಆಗಿತ್ತಲ್ವಾ, ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದರು. ನಮಗೆ ಜಿಎಸ್‌ಟಿ ಮೊದಲಿನಿಂದಲೂ ಇದೆ. ಆದರೂ ಎಲ್ಲ ಕಾಗದ ಒಮ್ಮೆ ಸರಿ ಮಾಡಿಕೊಳ್ಳೋಣ ಅಂತ ತಮ್ಮ ಹೇಳಿದ, ಒಂದು ಪ್ಯಾಕೇಜ್ ತೆಗೆದುಕೊಂಡೆವು. ಕಂಪನಿಯ ಹೆಸರು ಬರೆಯುವುದಿಲ್ಲ. ಸರ್ಕಾರಿ ಶುಲ್ಕ ಬಿಟ್ಟು 15,000ದ ಹತ್ತಿರ ಆಯಿತು. ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ನೋಂದಣಿ), ಎರಡು ಬ್ರಾಂಚಿಗೆ ಲೇಬರ್ ಲೈಸೆನ್ಸ್, ಪಿಎಫ್ (ಕೆಲಸದವರ ಭವಿಷ್ಯ ನಿಧಿ), ಇಎಸ್‌ಐ (ಕೆಲಸದವರ ಸರ್ಕಾರಿ ಆರೋಗ್ಯ ವಿಮೆ), ವೃತ್ತಿ ತೆರಿಗೆ ಎಲ್ಲ ಅದರಲ್ಲೇ ಅಂದರು.

ಬಿಲ್ ನೋಡಿದರೆ ಉದ್ಯಮ್ ನೋಂದಣಿಗೂ ಬೇರೆಯಾಗಿ ಚಾರ್ಜ್ ಹಾಕಿದ್ದರು. ಉದ್ಯಮ್ ಪೂರ್ತಿ ಉಚಿತ. 2020ರ ಜುಲೈ 1ರಿಂದ ಹಳೆಯ ಉದ್ಯೋಗ್ ಆಧಾರ್ ಜಾಗಕ್ಕೆ ಇದು ಬಂತು. ಆಧಾರ್, ಪ್ಯಾನ್, ಆಧಾರ್‌ಗೆ ಕೊಟ್ಟ ಮೊಬೈಲ್ ಕೈಯಲ್ಲಿದ್ದರೆ ಸಾಕು. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ, ನೀವು ಹೇಳಿದ್ದನ್ನೇ ಬರೆದುಕೊಳ್ಳುತ್ತಾರೆ. 2025ರ ಏಪ್ರಿಲ್‌ನಿಂದ ಹೂಡಿಕೆ ಎರಡೂವರೆ ಕೋಟಿ, ವಹಿವಾಟು 10 ಕೋಟಿ ದಾಟದಿದ್ದರೆ ಅದು ‘ಮೈಕ್ರೋ’. ಅಂದರೆ ನಮ್ಮಂಥ ಅಂಗಡಿಗಳು ಹೆಚ್ಚುಕಡಿಮೆ ಎಲ್ಲವೂ ಅದರಲ್ಲೇ ಬರುತ್ತವೆ. ಒಂದೇ ಎಚ್ಚರಿಕೆ: ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಜಾಹೀರಾತಾಗಿ ಬರುವ, ಸರ್ಕಾರದ್ದೇ ಅನ್ನಿಸುವಂತೆ ಮಾಡಿರುವ ಸೈಟುಗಳಲ್ಲಿ ದುಡ್ಡು ಕೇಳುತ್ತಾರೆ. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ. ಉದ್ಯಮ್ ಪೋರ್ಟಲ್‌ಗೆ ನನ್ನ ಪೂರ್ತಿ ಅಂಕ.

ಎರಡನೆಯದು ಲೇಬರ್ ಲೈಸೆನ್ಸ್. ಹಾಗಂತ ನಾವೆಲ್ಲ ಕರೆಯುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರವನ್ನು. ಅಂಗಡಿ ಶುರು ಮಾಡಿ 30 ದಿನದೊಳಗೆ ಅರ್ಜಿ ಹಾಕಬೇಕು. ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ಪೋರ್ಟಲ್‌ನಲ್ಲಿ ಆಗುತ್ತದೆ. ಪ್ರತಿ ಬ್ರಾಂಚಿಗೂ ಬೇರೆ ಬೇರೆ. 5 ವರ್ಷ ನಡೆಯುತ್ತದೆ, ಆಮೇಲೆ ನವೀಕರಣ. ಕರೆಂಟ್ ಅಕೌಂಟ್ ತೆರೆಯಲು ಬ್ಯಾಂಕಿಗೆ ಹೋದಾಗ ಉದ್ಯಮ್ ಜೊತೆ ಈ ಪತ್ರವನ್ನೂ ಕೊಟ್ಟರೆ ಕೆಲಸ ಸಲೀಸು. ಎರಡನೇ ಬ್ರಾಂಚಿನದ್ದನ್ನು ಕೊನೆಗೆ ನಾನೇ ಕೂತು ಹಾಕಿದೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇರೆ, ಇದು ಬೇರೆ. ಒಂದಿದ್ದರೆ ಇನ್ನೊಂದು ಬೇಡ ಅಂತ ಪ್ಯಾಕೇಜ್ ಕಂಪನಿಯ ಹುಡುಗ ಫೋನಿನಲ್ಲಿ ಹೇಳಿದ್ದ, ಅದು ತಪ್ಪು.

ನಿಜವಾಗಿ ಬೇಜಾರಾದದ್ದು ಪಿಎಫ್ ವಿಷಯದಲ್ಲಿ. ಪಿಎಫ್ ಕಡ್ಡಾಯ ಆಗುವುದು 20 ಜನರಿಗೆ. ನಮ್ಮಲ್ಲಿ 11. ಇಷ್ಟವಿದ್ದರೆ ಮೊದಲೇ ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ಮಾಲೀಕರ ಜೊತೆ ಬಹುಪಾಲು ಕೆಲಸದವರ ಒಪ್ಪಿಗೆಯೂ ಬೇಕು. ಪ್ಯಾಕೇಜಿನವರು ಯಾರನ್ನೂ ಕೇಳದೆ ಕೋಡ್ ನಂಬರ್ (ಪಿಎಫ್‌ನಲ್ಲಿ ಅಂಗಡಿಯ ನೋಂದಣಿ ಸಂಖ್ಯೆ) ತೆಗೆದುಬಿಟ್ಟಿದ್ದರು. ಕೋಡ್ ಬಂದ ಮೇಲೆ ಸುಮ್ನೆ ಬಿಡುವ ಹಾಗಿಲ್ಲ, ತಿಂಗಳ ರಿಟರ್ನ್, 15ನೇ ತಾರೀಖಿನೊಳಗೆ ಹಣ, ತಡವಾದರೆ ಬಡ್ಡಿ, ದಂಡ ಎಲ್ಲ ಬೆನ್ನು ಹತ್ತುತ್ತದೆ. ಇದನ್ನು ಮಾರುವಾಗ ಹೇಳಲೇಬೇಕಿತ್ತು. ಇನ್ನೊಂದು ಕಡೆ, ಹತ್ತು ಜನ ಆದ ಕೂಡಲೇ ಬರುವ ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು), ಹೆರಿಗೆ ರಜೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ, ಇವುಗಳ ಬಗ್ಗೆ ಒಂದು ಮಾತೂ ಇಲ್ಲ. ನಮ್ಮ ಕೆಲಸದವರಲ್ಲಿ ಏಳು ಜನ ಹೆಣ್ಣುಮಕ್ಕಳು. ಬೇಡದ್ದನ್ನು ಮಾರಿ ಬೇಕಾದದ್ದನ್ನು ಬಿಟ್ಟ ಪ್ಯಾಕೇಜಿಗೆ 5ಕ್ಕೆ ಒಂದಕ್ಕಿಂತ ಜಾಸ್ತಿ ಕೊಡಲು ಮನಸ್ಸು ಬರುವುದಿಲ್ಲ.

ಇಎಸ್‌ಐ ಮಾತ್ರ ನಮಗೆ ಕಡ್ಡಾಯವೇ ಆಗಿತ್ತು. ಹತ್ತು ಜನ ಆದರೆ ಬರುತ್ತದೆ, ಎರಡು ಬ್ರಾಂಚ್ ಸೇರಿಸಿಯೇ ಎಣಿಸಬೇಕು. ಸಂಬಳ 21,000ದವರೆಗೆ ಇರುವವರು ಒಳಗೆ. ಮಾಲೀಕರದ್ದು ಶೇ. 3.25, ಕೆಲಸದವರದ್ದು ಶೇ. 0.75. 18,000 ಸಂಬಳಕ್ಕೆ ನಾವು 585 ಕಟ್ಟುತ್ತೇವೆ, ಅವರಿಗೆ 135 ಹಿಡಿಯುತ್ತೇವೆ. ಇಷ್ಟಕ್ಕೆ ಕೆಲಸದವರಿಗೂ ಅವರನ್ನೇ ನೆಚ್ಚಿಕೊಂಡ ಮನೆಯವರಿಗೂ ಚಿಕಿತ್ಸೆ, ಕಾಯಿಲೆ ಬಿದ್ದು ರಜೆ ಹಾಕಿದರೆ ನಿಯಮದ ಪ್ರಕಾರ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70, ಹೆರಿಗೆಗೆ 26 ವಾರ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೊಡುವ ಪ್ರೈವೇಟ್ ಪಾಲಿಸಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಆದರೆ ಪ್ಯಾಕೇಜಿನವರು ಮಾಡಿದ್ದು ನೋಡಿ. 11 ಜನರಿಗೂ ಒಂದೇ ಮೊಬೈಲ್ ನಂಬರ್, ಅದೂ ಅವರ ಆಫೀಸಿನದು. ಮನೆಯವರ ವಿವರ ಖಾಲಿ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಅಮ್ಮನನ್ನು ಕರೆದುಕೊಂಡು ಇಎಸ್‌ಐ ಡಿಸ್ಪೆನ್ಸರಿಗೆ ಹೋದರೆ ಕಾರ್ಡಿನಲ್ಲಿ ಅಮ್ಮನ ಹೆಸರೇ ಇಲ್ಲ. ತಿಂಗಳು ತಿಂಗಳು ಹಣ ಹಿಡಿದದ್ದು ಸಂಬಳದ ಚೀಟಿಯಲ್ಲಿ ಕಾಣುತ್ತದೆ, ಉಪಯೋಗ ಮಾತ್ರ ಸಿಗಲಿಲ್ಲ. ಅವತ್ತು ನನಗೆ ನಿಜವಾಗಿಯೂ ಸಿಟ್ಟು ಬಂತು.

ಆಮೇಲೆ ಸಿಕ್ಕವರು ರಾಜಾಜಿನಗರದ ಒಬ್ಬ ಲೇಬರ್ ಲಾ ಕನ್ಸಲ್ಟೆಂಟ್. ಮೇಡಂ ಸಣ್ಣ ಆಫೀಸ್ ಇಟ್ಟುಕೊಂಡಿದ್ದಾರೆ, ತಿಂಗಳಿಗೆ 2,500 ತೆಗೆದುಕೊಳ್ಳುತ್ತಾರೆ. ಬಂದವರೇ ಕೇಳಿದ್ದು ಹಾಜರಾತಿ ಪುಸ್ತಕ ಮತ್ತು ಸಂಬಳದ ಪುಸ್ತಕ. ಲೈಸೆನ್ಸ್ ಫೈಲ್ ಆಮೇಲೆ ನೋಡಿದರು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಗೋಡೌನಿನ ತೂಕದ ಮಷಿನ್ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದು, ಅವರವರ ಫೋನಿಗೆ ಓಟಿಪಿ ತರಿಸಿ, ಮನೆಯಲ್ಲಿ ಯಾರ್‍ಯಾರು ಇದ್ದೀರಿ ಅಂತ ಕೇಳಿ ಬರೆದುಕೊಂಡರು. ‘ಅಪ್ಪ ಅಮ್ಮ ನಿನ್ನ ಜೊತೆ ಇದ್ದಾರೇನಪ್ಪ, ಊರಲ್ಲಿ ಇದ್ದಾರಾ?’ ಅಂತ ಡೆಲಿವರಿ ಹುಡುಗನನ್ನು ಕೇಳಿದಾಗ ಅವನು, ‘ಮಂಡ್ಯದಲ್ಲಿ ಇದ್ದಾರೆ ಮೇಡಂ, ಅವರಿಗೂ ಸಿಗುತ್ತಾ?’ ಅಂದ. ಅವನ ದುಡಿಮೆಯ ಮೇಲೇ ಬದುಕುವ ತಂದೆತಾಯಿ, ಅವರಿಗೆ ಬೇರೆ ಆದಾಯ ಹೆಚ್ಚಿಲ್ಲ ಅಂದರೆ ಸೇರಿಸಬಹುದು ಅಂತ ಕೂತಲ್ಲೇ ಬಿಡಿಸಿ ಹೇಳಿದರು.

ಪಿಎಫ್ ಬಗ್ಗೆಯೂ ಅವರೇ ಎಲ್ಲರನ್ನೂ ಕೂರಿಸಿ ಮಾತಾಡಿದರು. 20ಕ್ಕಿಂತ ಕಡಿಮೆ ಜನ ಇರುವ ಕಡೆ ನಿಮ್ಮದು ಶೇ. 10, ಮಾಲೀಕರದ್ದು ಶೇ. 10, ಮಾಲೀಕರ ಪಾಲಿನಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ, ಉಳಿದ 1.67 ಪಿಎಫ್ ಖಾತೆಗೆ ಅಂತ. ಪಿಎಫ್‌ಗೆ ಹಿಡಿಯುವ ಸಂಬಳದ 15,000ದ ಮಿತಿಗೆ ಲೆಕ್ಕ ಹಾಕಿದರೂ ತಿಂಗಳಿಗೆ 1,500 ಕೈಸಂಬಳದಲ್ಲಿ ಕಡಿಮೆ ಆಗುತ್ತದೆ. ಹುಡುಗರು ಮೊದಲು ಮುಖ ಸಣ್ಣ ಮಾಡಿದರು. ವಯಸ್ಸಾದವರೇ ಬೇಕು ಅಂದರು. ಕೊನೆಗೆ ಹೆಚ್ಚಿನವರು ಒಪ್ಪಿದ್ದರಿಂದ ಮುಂದುವರಿಸಿದ್ದೇವೆ. ಈ ಮಾತು ಕೋಡ್ ತೆಗೆಯುವುದಕ್ಕೆ ಮೊದಲೇ ಆಗಬೇಕಿತ್ತು.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೇಂದ್ರದ 29 ಕಾಯ್ದೆಗಳು ಅದರೊಳಗೆ ಸೇರಿದವು. ಆ ವಾರವೇ ಪ್ಯಾಕೇಜ್ ಕಂಪನಿಯಿಂದ ‘ಲೇಬರ್ ಕೋಡ್ ಪ್ಯಾಕ್’ ತೆಗೆದುಕೊಳ್ಳಿ ಅಂತ ಮೆಸೇಜ್ ಬಂತು. ಮೇಡಂ ಹೇಳಿದ್ದು ಇಷ್ಟೇ: ನಮ್ಮ ರಾಜ್ಯದ ಅಂಗಡಿ ಕಾಯ್ದೆ ಹಾಗೇ ಇದೆ, ಎಲ್ಲರಿಗೂ ನೇಮಕಾತಿ ಪತ್ರ ಕೊಡಿ, ಸಂಬಳ ಮುಂದಿನ ತಿಂಗಳ 7ರೊಳಗೆ ಹಾಕಿ, ಬೇಸಿಕ್ ಕಡಿಮೆ ತೋರಿಸಿ ಭತ್ಯೆ ಜಾಸ್ತಿ ಮಾಡುವ ಆಟ ಬೇಡ. ಭತ್ಯೆಗಳು ಒಟ್ಟು ಮೊತ್ತದ ಅರ್ಧ ದಾಟಿದರೆ ಹೆಚ್ಚಾದದ್ದು ಪಿಎಫ್, ಇಎಸ್‌ಐ ಲೆಕ್ಕದ ಸಂಬಳಕ್ಕೇ ಸೇರುತ್ತದೆ. ನೇಮಕಾತಿ ಪತ್ರವನ್ನು ಕನ್ನಡದಲ್ಲೇ ಒಂದೂವರೆ ಪುಟ ಬರೆದುಕೊಟ್ಟರು. ನಮ್ಮವರೆಲ್ಲ ಓದಿಯೇ ಸಹಿ ಹಾಕಿದರು.

ವೃತ್ತಿ ತೆರಿಗೆ ದೊಡ್ಡ ತಲೆನೋವಲ್ಲ. ತಿಂಗಳ ಸಂಬಳ 25,000ಕ್ಕಿಂತ ಕಡಿಮೆ ಇರುವವರಿಗೆ ಇಲ್ಲ, ಮಾಲೀಕರು ವರ್ಷಕ್ಕೆ 2,500 ಕಟ್ಟಬೇಕು, ಏಪ್ರಿಲ್ 30ರೊಳಗೆ.

ಮೇಡಂಗೆ ಪೂರ್ತಿ ಅಂಕ ಕೊಡುತ್ತೇನೆ, ಒಂದು ಕೊರತೆ ಇದ್ದರೂ. ತಿಂಗಳ 10ರಿಂದ 15ರವರೆಗೆ ಫೋನಿಗೆ ಸಿಗುವುದೇ ಕಷ್ಟ, ಎಲ್ಲರ ಚಲನ್ ಆಗ ಕಟ್ಟಬೇಕಲ್ಲ. ಹಾಜರಾತಿಯನ್ನು 3ನೇ ತಾರೀಖಿನೊಳಗೆ ಕಳಿಸಿಬಿಟ್ಟರೆ ಸಮಸ್ಯೆ ಇಲ್ಲ. ನಿಮ್ಮ ಏರಿಯಾದಲ್ಲೂ ಇಂಥವರು ಇರುತ್ತಾರೆ, ಪಕ್ಕದ ಅಂಗಡಿಯವರನ್ನು, ನಿಮ್ಮ ಆಡಿಟರ್‌ನ ಕೇಳಿ ನೋಡಿ. ಯಾರನ್ನೇ ಗೊತ್ತು ಮಾಡಿದರೂ ಪಿಎಫ್, ಇಎಸ್‌ಐ, ಇ-ಕಾರ್ಮಿಕದ ಲಾಗಿನ್ ನಿಮ್ಮ ಮೊಬೈಲ್, ನಿಮ್ಮ ಇಮೇಲ್‌ನಲ್ಲೇ ಇರಲಿ, ಪ್ರತಿ ತಿಂಗಳ ಚಲನ್ ರಸೀದಿ ವಾಟ್ಸಾಪ್‌ಗೆ ಬರಲಿ ಅಂತ ಮೊದಲ ದಿನವೇ ಹೇಳಿ. ನಮ್ಮ ಹಳೆಯ ಪಿಎಫ್ ಲಾಗಿನ್ ಪ್ಯಾಕೇಜ್ ಕಂಪನಿಯಿಂದ ಬಿಡಿಸಿಕೊಳ್ಳುವಷ್ಟರಲ್ಲಿ ಸಾಕುಸಾಕಾಯಿತು.