ಬುಲಂದ್ ದರ್ವಾಜಾ ನೋಡಲು ಹೋಗುವವರು ಈ ‘ಗೈಡ್’ಗಳಿಂದ ದೂರವಿರಿ

ಆಗ್ರಾಕ್ಕೆ ಹೋದವರು ಅಲ್ಲಿಂದ ಸುಮಾರು 37 ಕಿಲೋಮೀಟರ್ ದೂರದ ಫತೇಪುರ್ ಸಿಕ್ರಿಯನ್ನೂ ನೋಡಿಯೇ ಬರಬೇಕು. ಆದರೆ ಅಲ್ಲಿನ ಬುಲಂದ್ ದರ್ವಾಜಾ ಎಂಬ ಮಹಾದ್ವಾರದ ಸುತ್ತ ನಡೆಯುವ ಸುಲಿಗೆಯ ಬಗ್ಗೆ ತಿಳಿದುಕೊಂಡೇ ಹೊರಡಿ. ನನ್ನ ಅಪ್ಪ ಅಮ್ಮನಿಗೆ ಆದದ್ದು ನಿಮ್ಮ ಮನೆಯ ಹಿರಿಯರಿಗೆ ಆಗಬಾರದು.

ಪಾರ್ಕಿಂಗ್ ಇನ್ನೂ ದೂರವಿರುವಾಗಲೇ ಒಬ್ಬ ಕಾರಿಗೆ ಅಡ್ಡ ಬಂದ. ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡೇ ತೋರಿಸಿದ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ. ಶುದ್ಧ ಸುಳ್ಳು. ಜೋಧಾಬಾಯಿ ಅರಮನೆ, ಪಂಚ ಮಹಲ್ ಇರುವ ಭಾಗಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ ಬೇಕು, ಅಷ್ಟೇ. ಬುಲಂದ್ ದರ್ವಾಜಾ, ಜಾಮಾ ಮಸೀದಿ, ಸೂಫಿ ಸಂತ ಸಲೀಂ ಚಿಶ್ತಿಯವರ ದರ್ಗಾಕ್ಕೆ ಟಿಕೆಟ್ಟೂ ಇಲ್ಲ, ಗೈಡ್ ಕಡ್ಡಾಯವೂ ಅಲ್ಲ.

ದಾರಿಯುದ್ದಕ್ಕೂ ಅವನು ಅಮ್ಮನನ್ನು ಮಾತಿಗೆಳೆದ. ನನ್ನ ತಂಗಿಗೆ ಮಕ್ಕಳಾಗಿಲ್ಲ ಎಂಬುದು ಹೀಗೆ ಅವನ ಕಿವಿಗೆ ಬಿತ್ತು. ಅಕ್ಬರನಿಗೆ ಚಿಶ್ತಿಯವರ ಆಶೀರ್ವಾದದಿಂದ ಮಗ ಹುಟ್ಟಿದನೆಂಬ ನಂಬಿಕೆ ಎಲ್ಲರಿಗೂ ಗೊತ್ತಿರುವುದೇ. ಅದನ್ನೇ ಹಿಡಿದುಕೊಂಡು, ನಮ್ಮನ್ನು ಗೋರಿಗೆ ಹೊದಿಸುವ ಚಾದರ ಮಾರುವವನೊಬ್ಬನ ಎದುರು ಕೂರಿಸಿ, “ಚಾದರ ಹೊದಿಸದೆ ಬರಿಯ ದಾರ ಕಟ್ಟಿದರೆ ಹರಕೆ ಫಲಿಸುವುದಿಲ್ಲ, ತಾಯಿ” ಎಂದ. ಅಮ್ಮನ ಕೈ ನಡುಗುತ್ತಿತ್ತು. ಪರ್ಸಿನಲ್ಲಿದ್ದ ಎರಡು ಸಾವಿರ ರೂಪಾಯಿಯನ್ನೂ ಕೊಟ್ಟುಬಿಟ್ಟರು. ಹಣಕ್ಕಿಂತ ಹೆಚ್ಚಾಗಿ, ಒಬ್ಬ ತಾಯಿಯ ಸಂಕಟವನ್ನು ಹೀಗೆ ಹಿಂಡಿದರಲ್ಲ ಎಂಬ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ದರ್ಗಾದ ಅಮೃತಶಿಲೆಯ ಜಾಲಂಧ್ರಕ್ಕೆ ದಾರ ಕಟ್ಟಲು ಯಾರಿಗೂ ದುಡ್ಡು ಕೊಡಬೇಕಿಲ್ಲ.

ಹಣ ಕೈಸೇರಿದ ಮೇಲೆ ಅವನಿಗೆ ಅವಸರ. 1573ರ ಗುಜರಾತ್ ವಿಜಯದ ನೆನಪಿಗೆ ಎದ್ದ, ಮೆಟ್ಟಿಲುಗಳ ಬುಡದಿಂದ ಸುಮಾರು 54 ಮೀಟರ್ ಎತ್ತರದ ಕೆಂಪು ಕಲ್ಲಿನ ಆ ಮಹಾದ್ವಾರದ ಕೆಳಗೆ ಎರಡು ನಿಮಿಷ ನಿಲ್ಲಲೂ ಬಿಡಲಿಲ್ಲ. ನೀವು ನಿಧಾನವಾಗಿ ನಿಲ್ಲಿ. ಮರದ ಕದಗಳ ತುಂಬ ಹರಕೆಯವರು ಹೊಡೆದ ಲಾಳಗಳಿವೆ. ಲೋಕವೊಂದು ಸೇತುವೆ, ದಾಟಿಹೋಗು, ಅದರ ಮೇಲೆ ಮನೆ ಕಟ್ಟಬೇಡ ಎಂದು ಯೇಸುವಿನ ಹೆಸರಿನಲ್ಲಿ ಪಾರಸಿಯಲ್ಲಿ ಕೆತ್ತಿಸಿದ ಮಾತೂ ಅಲ್ಲಿದೆ.

ಚಪ್ಪಲಿಗೆ ಒಂದು ಚೀಲ ಒಯ್ಯಿರಿ. ನಮ್ಮವು ಮಸೀದಿಯ ಇನ್ನೊಂದು ದ್ವಾರವಾದ ಬಾದಶಾಹಿ ದರ್ವಾಜಾದ ಬಳಿ ಉಳಿದಿದ್ದವು. ಅಪ್ಪ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಇಡೀ ಅಂಗಳ ದಾಟಿ ವಾಪಸು ಬರಬೇಕಾಯಿತು. ದಾರಿಯಲ್ಲಿ ಯಾರಿಗೂ ಕಾರು ನಿಲ್ಲಿಸಬಾರದೆಂದು ಚಾಲಕನಿಗೆ ಆಗ್ರಾದಲ್ಲೇ ಹೇಳಿ. ಯಾರಾದರೂ ಪೀಡಿಸಿದರೆ ಪ್ರವಾಸೋದ್ಯಮ ಸಚಿವಾಲಯದ ಸಹಾಯವಾಣಿ 1363ಕ್ಕೆ ಕರೆ ಮಾಡಿ. ಹಿಂದಿ ಅಥವಾ ಇಂಗ್ಲಿಷಿನಲ್ಲಿ ಮಾತನಾಡಬಹುದು.